ಮದುವೆ ಡಿವಿಡಿ ಉಳಿಸಲು: ಪ್ಲೇಯರ್‌ನಿಂದ ರೆಕಾರ್ಡ್ ಮಾಡಬೇಕಾ, ಡ್ರೈವ್‌ನಲ್ಲಿ ಕಾಪಿ ಮಾಡಬೇಕಾ?

ಡಿಸ್ಕ್ ಚೆನ್ನಾಗಿದ್ದರೆ ನನ್ನ ಮತ ಯುಎಸ್‌ಬಿ ಡಿವಿಡಿ ಡ್ರೈವ್‌ಗೇ. ವಿಡಿಯೋ ಇರುವುದು ವಿಡಿಯೋ ಟಿಎಸ್ (VIDEO_TS) ಅನ್ನೋ ಫೋಲ್ಡರ್‌ನಲ್ಲಿ. ಅದನ್ನು ಹಾಗೇ ಕಾಪಿ ಮಾಡಿಕೊಂಡರೆ ಗುಣಮಟ್ಟ ಚೂರೂ ಇಳಿಯುವುದಿಲ್ಲ. 4.7 ಜಿಬಿ ಡಿಸ್ಕ್‌ಗೆ ಸಾಮಾನ್ಯವಾಗಿ ಅರ್ಧ ಗಂಟೆಯೂ ಬೇಕಾಗುವುದಿಲ್ಲ.

ಟಿವಿ ಪಕ್ಕದ ಪ್ಲೇಯರ್‌ಗೆ ಕ್ಯಾಪ್ಚರ್ ಕಾರ್ಡ್ (ಪ್ಲೇ ಆಗುವ ವಿಡಿಯೋವನ್ನು ಕಂಪ್ಯೂಟರ್‌ಗೆ ರೆಕಾರ್ಡ್ ಮಾಡಿಕೊಳ್ಳುವ ಸಾಧನ) ಜೋಡಿಸಿದರೆ ಎರಡು ಗಂಟೆಯ ಮದುವೆಗೆ ಎರಡು ಗಂಟೆಯೇ ಹಿಡಿಯುತ್ತದೆ. ಹಳದಿ ಪಿನ್ನಿನ ವೈರ್‌ನಲ್ಲಿ ಬಣ್ಣ, ಬೆಳಕು ಎರಡೂ ಒಂದರಲ್ಲೊಂದು ಬೆರೆತು ಬರುತ್ತವೆ. ಕೆಂಪು ಸೀರೆಯ ಜರಿ ಅಂಚು ನೋಡಿ, ಅಲ್ಲಿ ಬಣ್ಣ ಕದಡಿ ಸಣ್ಣ ಚುಕ್ಕಿಗಳು ಹರಿದಾಡುತ್ತವೆ. ಬಣ್ಣ, ಬೆಳಕನ್ನು ಬೇರೆ ಬೇರೆಯಾಗಿ ಸಾಗಿಸುವ ಎಸ್-ವಿಡಿಯೋ ವೈರ್ ಇದ್ದರೆ ಅದೇ ವಾಸಿ. ನಮ್ಮ ಕಡೆಯ ಡಿಸ್ಕ್‌ಗಳು ಹೆಚ್ಚಾಗಿ ಪಾಲ್ (PAL) ಅನ್ನೋ ಟಿವಿ ಮಾದರಿಯವು, ಹಾಗಾಗಿ ಸಾಫ್ಟ್‌ವೇರ್‌ನಲ್ಲಿ 720×576, 25 ಫ್ರೇಮ್ ಇಡಿ. ಎಚ್‌ಡಿಎಂಐಗೆ ಸುಮ್ನೆ ದುಡ್ಡು ಹಾಕಬೇಡಿ, ಎಷ್ಟೋ ಪ್ಲೇಯರ್‌ಗಳಲ್ಲಿ ಎಚ್‌ಡಿಸಿಪಿ ಅನ್ನೋ ಕಾಪಿ ತಡೆಯುವ ಲಾಕ್ ಅಡ್ಡ ಬರುತ್ತದೆ.

ಹಾಗಂತ ಪ್ಲೇಯರ್ ದಾರಿ ದಂಡ ಅಲ್ಲ. ಗೀರು ಬಿದ್ದು ಕಂಪ್ಯೂಟರ್ ಕೈಚೆಲ್ಲಿದ ಡಿಸ್ಕನ್ನು ಕೆಲವು ಪ್ಲೇಯರ್‌ಗಳು ತಡವರಿಸಿಯಾದರೂ ಓಡಿಸುತ್ತವೆ. ಡಿವಿಡಿ ರೆಕಾರ್ಡರ್‌ನಲ್ಲಿ ಬರೆದು ಫೈನಲೈಸ್ (ಬೇರೆ ಪ್ಲೇಯರ್‌ಗಳೂ ಓದುವಂತೆ ಡಿಸ್ಕ್ ಮುಗಿಸುವ ಕೊನೆಯ ಹಂತ) ಮಾಡದೇ ಬಿಟ್ಟ ಡಿಸ್ಕ್ ಆದರೆ, ಮೊದಲು ಅದೇ ರೆಕಾರ್ಡರ್‌ನಲ್ಲಿ ಫೈನಲೈಸ್ ಮಾಡಿ ನೋಡಿ. ಆಗಲಿಲ್ಲ ಅಂದರೆ ಅಲ್ಲೇ ಪ್ಲೇ ಮಾಡಿ ರೆಕಾರ್ಡ್ ಮಾಡಿಕೊಳ್ಳಿ.