ಗಾಳದ ಜಾಗ: ಕೂರುವುದೋ, ಏಳುವುದೋ? ಎಸೆದು ಬಳಸುವ ಫಿಶ್ ಫೈಂಡರ್ ವಿಮರ್ಶೆ

ದಡದಿಂದ ಗಾಳ ಹಾಕುವವರಿಗೆಂದೇ ಮಾರುವ, ನೀರಿಗೆ ಎಸೆದರೆ ತೇಲುತ್ತ ಮೊಬೈಲಿನ ಪರದೆಗೆ ಚಿತ್ರ ಕಳಿಸುವ ಚಿಕ್ಕ ಫಿಶ್ ಫೈಂಡರನ್ನು ಬೀದರ ಜಿಲ್ಲೆಯ ಕಾರಂಜಾ ಜಲಾಶಯದಲ್ಲಿಯೂ ಕಲಬುರಗಿ ಕಡೆಯ ಭೀಮಾ ದಡದಲ್ಲಿಯೂ ಬಳಸಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಮೀನು ಎಲ್ಲಿದೆಯೆಂದು ತೋರಿಸುತ್ತದೆ ಎಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿದ್ದಾರೆ. ಆ ಮಾತನ್ನು ನಂಬಿ ಕೊಂಡವರಿಗೆ ನಿರಾಸೆಯಾಗುವ ಸಂಭವವೇ ಹೆಚ್ಚು. ಒಂದು ಜಾಗದಲ್ಲಿ ಇನ್ನೆಷ್ಟು ಹೊತ್ತು ಕೂರಬೇಕು, ಯಾವಾಗ ಸಾಮಾನು ಕಟ್ಟಿಕೊಂಡು ಏಳಬೇಕು ಎಂಬ ತೀರ್ಮಾನಕ್ಕೆ ಮಾತ್ರ ಇದು ನಿಜವಾಗಿಯೂ ಒದಗುತ್ತದೆ, ಅದೂ ಎಲ್ಲ ಜಾತಿಯ ಮೀನುಗಳ ವಿಷಯದಲ್ಲಲ್ಲ.

ಸಾಧನ ಕೆಲಸ ಮಾಡುವ ರೀತಿ ಸರಳವಾಗಿದೆ. ಅದು ನೀರಿನೊಳಗೆ ಶಬ್ದದ ಅಲೆಗಳನ್ನು ಬಿಡುತ್ತದೆ. ಅವು ತಳಕ್ಕೋ ಮೀನಿನ ಹೊಟ್ಟೆಯಲ್ಲಿರುವ ಗಾಳಿಚೀಲಕ್ಕೋ ಬಡಿದು ಹಿಂದಿರುಗಲು ಹಿಡಿದ ಸಮಯದಿಂದ ಆಳವನ್ನು ಲೆಕ್ಕ ಹಾಕುತ್ತದೆ. ಆದರೆ ಅದು ಕಾಣುವ ಪ್ರದೇಶ ಬಹಳ ಕಿರಿದು. ಕಿರಿದಾದ 15 ಡಿಗ್ರಿ ಕೋನದಲ್ಲಿ ಇಟ್ಟರೆ 3 ಮೀಟರ್ ಆಳದಲ್ಲಿ ಸುಮಾರು 80 ಸೆಂಟಿಮೀಟರ್ ಅಗಲದ ವೃತ್ತವಷ್ಟೇ ಅದಕ್ಕೆ ಕಾಣುತ್ತದೆ, 6 ಮೀಟರ್ ಆಳಕ್ಕೆ ಹೋದರೂ ಒಂದೂವರೆ ಮೀಟರಿಗಿಂತ ತುಸು ಹೆಚ್ಚು. ಆದ್ದರಿಂದ ಪರದೆ ಖಾಲಿಯಿದ್ದರೆ ಆ ಕಡೆ ಮೀನೇ ಇಲ್ಲವೆಂದು ತಿಳಿದು ಎದ್ದುಬಿಡುವುದು ಸರಿಯಲ್ಲ. ಎರಡು ಮಾರು ಆಚೆ ಹಿಂಡೇ ಮೇಯುತ್ತಿರಬಹುದು. ಆ್ಯಪ್ ತೋರಿಸುವ ಬಣ್ಣದ ಮೀನಿನ ಗುರುತುಗಳನ್ನಂತೂ ಮೊದಲ ದಿನವೇ ಆಫ್ ಮಾಡಿಬಿಡುವುದು ಒಳ್ಳೆಯದು, ಏಕೆಂದರೆ ಜೊಂಡಿನ ತುಣುಕು, ಗಾಳಿಗುಳ್ಳೆ, ಮುಳುಗಿದ ಜಾಲಿ ಕೊಂಬೆ ಎಲ್ಲವೂ ಅಲ್ಲಿ ಮೀನಾಗಿಯೇ ಕಾಣುತ್ತವೆ.

ಗುರುತುಗಳನ್ನು ಆಫ್ ಮಾಡಿದಾಗ ಉಳಿಯುವ ಕಚ್ಚಾ ಚಿತ್ರವನ್ನು ಓದಲು ಕಲಿತರೆ ಕೊಟ್ಟ ಹಣಕ್ಕೆ ಬೆಲೆ ಬರುತ್ತದೆ. ದೋಣಿಗೆ ಕಟ್ಟಿದ ಸೋನಾರ್ (ಶಬ್ದದ ಅಲೆಗಳಿಂದ ನೋಡುವ ಇಂಥದೇ ಸಾಧನ) ಸಾಗಿದ ದಾರಿಯ ಚಿತ್ರ ಬರೆಯುತ್ತದೆ. ನಿಂತಲ್ಲೇ ತೇಲುವ ಸೋನಾರ್ ಬರೆಯುವುದು ಕಾಲದ ಚಿತ್ರ. ಪರದೆಯ ಮೇಲೆ ಉದ್ದನೆಯ ಅಡ್ಡಗೆರೆ ಕಂಡರೆ ದೊಡ್ಡ ಮೀನು ಬಂತೆಂದು ಹಿಗ್ಗುವವರಿದ್ದಾರೆ, ಆದರೆ ಆ ಗೆರೆಯ ಉದ್ದವು ಮೀನು ಅಲ್ಲಿ ಎಷ್ಟು ಹೊತ್ತು ನಿಂತಿತೆಂಬುದರ ಅಳತೆಯಾಗಿದೆ. ಚಿಕ್ಕ ಗೀಟು ಎಂದರೆ ಹಾದುಹೋದ ಮೀನು. ತಳದಿಂದ ಓರೆಯಾಗಿ ಮೇಲೇರುವ ತೆಳ್ಳನೆಯ ಎಳೆಗಳು ಗುಳ್ಳೆಗಳು. ಅವು ಒಂದೇ ಕಡೆ ಬಿಟ್ಟುಬಿಟ್ಟು ಏಳುತ್ತಿದ್ದು, ಪಕ್ಕದಲ್ಲಿ ತಳಕ್ಕಂಟಿದ ಗೆರೆಗಳೂ ಇದ್ದರೆ, ಕೆಳಗೆ ಯಾವುದೋ ಮೀನು ಕೆಸರು ಕೆದಕುತ್ತಿದೆ ಎಂದು ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಹುದು.

ಇದರಿಂದ ಕೂರುವ ಹೊತ್ತಿನ ಲೆಕ್ಕ ಹೇಗೆ ಬದಲಾಗುತ್ತದೆಂಬುದಕ್ಕೆ ಕಾರಂಜಾದ ಹಿನ್ನೀರನ್ನೇ ತೆಗೆದುಕೊಳ್ಳೋಣ. ಅಲ್ಲಿ ಗೆಂಡೆ ಜಾತಿಯ ರೋಹು ಮತ್ತು ಮೃಗಾಲ್‌ ಮೀನುಗಳಿಗಾಗಿ ಶೇಂಗಾ ಹಿಂಡಿಗೆ ಜೋಳದ ನುಚ್ಚು ಕಲಸಿ, ಉಂಡೆ ಕಟ್ಟಿ, ಒಂದೇ ಜಾಗಕ್ಕೆ ಎಸೆದು ಕಾಯುವುದು ರೂಢಿ. ಹೀಗೆ ಮೇವು ಹಾಕಿದ ಮೇಲೆ ಅರ್ಧ ಗಂಟೆಯೊಳಗೆ ಏಳುವುದೆಂದರೆ ನಮ್ಮ ಹಿಂಡಿಯನ್ನು ಮುಂದೆ ಬರುವವರಿಗೆ ಬಿಟ್ಟುಕೊಟ್ಟಂತೆ. ಮೊದಲ ಮುಕ್ಕಾಲು ಗಂಟೆಯಲ್ಲಿ ಒಂದೆರಡಾದರೂ ಗೀಟು ಮೂಡಿ, ಅವುಗಳ ನಡುವಿನ ಅಂತರ ಕಡಿಮೆಯಾಗುತ್ತ ಬಂದರೆ, ಬೆಂಡು ಅಲುಗದಿದ್ದರೂ ನಾನು ಕೂರುತ್ತೇನೆ. ಉದ್ದ ಗೆರೆಗಳು ಮೂಡುತ್ತಲೇ ಇದ್ದು ಕಚ್ಚು ಮಾತ್ರ ಬೀಳದಿದ್ದರೆ ಬದಲಿಸಬೇಕಾದದ್ದು ಜಾಗವನ್ನಲ್ಲ, ಗಾಳದ ಅಳತೆಯನ್ನೋ ಹಿಟ್ಟಿನ ಹದವನ್ನೋ ಆಳವನ್ನೋ. ರೋಹು ಮಧ್ಯದ ನೀರಿನಲ್ಲಿ ಮೇಯುವ ಮೀನು, ಮೃಗಾಲ್ ತಳದ್ದು, ಕಟ್ಲಾ ಮೇಲ್ಭಾಗದ್ದು. ಗೆರೆಗಳು ತಳದಿಂದ ಒಂದು ಮೀಟರ್ ಮೇಲೆ ಕಾಣುತ್ತಿರುವಾಗ ಸೀಸದ ಗುಂಡು ಕಟ್ಟಿ ಗಾಳವನ್ನು ಕೆಸರಿನಲ್ಲಿ ಮಲಗಿಸಿ ಕೂತರೆ ಸಂಜೆಯವರೆಗೂ ಬರಿಗೈಯಲ್ಲಿ ಕೂರಬೇಕಾದೀತು. ಮೇವು ಹಾಕಿ ಒಂದು ಗಂಟೆ ಮೀರಿದರೂ ಪರದೆ ಬರಿದಾಗಿಯೇ ಉಳಿದರೆ ಎದ್ದು ಹೊಸ ಜಾಗ ಹುಡುಕುವುದೇ ಲೇಸು. ಹಾಗೆ ಹುಡುಕುವಾಗಲೂ ಸಾಧನ ಉಪಯೋಗಕ್ಕೆ ಬರುತ್ತದೆ: ಗಟ್ಟಿ ನೆಲವಿದ್ದಲ್ಲಿ ತಳದ ಗೆರೆಯ ಕೆಳಗೆ, ಎರಡು ಪಟ್ಟು ಆಳದಲ್ಲಿ, ಅದರದೇ ಮಸುಕಾದ ಮರುಗೆರೆ ಕಾಣುತ್ತದೆ, ಎರೆಮಣ್ಣಿನ ಕೆಸರು ದಪ್ಪಗಿದ್ದಲ್ಲಿ ಅದು ಕಾಣುವುದಿಲ್ಲ. ಗಟ್ಟಿ ನೆಲವೂ ಕೆಸರೂ ಕೂಡುವ ಅಂಚಿನಲ್ಲಿ ಮೇವು ಹಾಕುವುದು ನನಗೆ ಫಲ ಕೊಟ್ಟಿದೆ.

ಕೊರವ ಮೀನಿಗಾಗಿ ಹೊರಟವರಿಗೆ ಈ ಸಾಧನ ಬೇಡವೇ ಬೇಡ. ಗಾಳಿ ನುಂಗಲು ಮೇಲಕ್ಕೆ ಬರುವ ಆ ಮೀನು ಜೊಂಡಿನ ಸಂದಿಯಲ್ಲಿ ಮೊಳಕಾಲುದ್ದದ ನೀರಿನಲ್ಲಿ ಹೊಂಚು ಹಾಕಿ ಕುಳಿತಿರುತ್ತದೆ. ಅಷ್ಟು ಕಡಿಮೆ ನೀರಿನಲ್ಲಿ ಸೋನಾರ್‌ಗೆ ಏನೂ ಸರಿಯಾಗಿ ಕಾಣದು. ಹುಸಿ ಮೇವಾದ ರಬ್ಬರ್ ಕಪ್ಪೆಯನ್ನು ಒಂದೇ ಸಂದಿಗೆ ಏಳೆಂಟು ಸಲ ಎಸೆದರೂ ಮೀನು ಹೊಡೆಯದಿದ್ದರೆ ಮುಂದಿನ ಸಂದಿಗೆ ನಡೆಯಬೇಕು, ಅಷ್ಟೇ.

ಭೀಮಾ ನದಿಯಲ್ಲಿ ಇದರ ಫಲ ಮಿಶ್ರವಾಗಿದೆ. ಮಹಾರಾಷ್ಟ್ರದ ಉಜನಿ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಸೆಳೆತಕ್ಕೆ ಸಿಕ್ಕಿದ ಸಾಧನ ಒಂದೆಡೆ ನಿಲ್ಲುವುದಿಲ್ಲ, ನಿಲ್ಲದಿದ್ದರೆ ಮೇಲೆ ಹೇಳಿದ ಕಾಲದ ಲೆಕ್ಕವೂ ಕೆಡುತ್ತದೆ. ಬ್ಯಾರೇಜಿನ ಕೆಳಗಿನ ನೊರೆನೀರಿನಲ್ಲಿ ಗಾಳಿಗುಳ್ಳೆಗಳಿಂದ ಪರದೆಯೆಲ್ಲ ಮಬ್ಬಾಗುತ್ತದೆ. ಗೇಟಿನ ಹತ್ತಿರ ಇಳಿಯುವುದು ಹೇಗೂ ಅಪಾಯ. ನೀರು ಇಳಿಯುತ್ತಿರುವ ದಿನಗಳಲ್ಲಿ ಮಾತ್ರ ಬೇರೆ ರೀತಿಯ ಪ್ರಯೋಜನವಿದೆ: ಬೆಳಿಗ್ಗೆ ಅಳೆದ ಆಳ ಮಧ್ಯಾಹ್ನಕ್ಕೆ ಒಂದು ಗೇಣು ಕಡಿಮೆಯಾಗಿದ್ದರೆ, ದಂಡೆಯ ಮೀನು ಮಡುವಿನ ಕಡೆಗೆ ಸರಿಯುವ ಮೊದಲೇ ನಾವೂ ಸರಿಯಬಹುದು.

ಇನ್ನು ತೊಂದರೆಗಳು. ನಮ್ಮ ಭಾಗದ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಸಾಮಾನ್ಯ; ಮಧ್ಯಾಹ್ನದ ಬಿಸಿಲಿಗೆ ಪರದೆ ಕಾಣುವುದಿಲ್ಲ, ಮೊಬೈಲು ಕಾದು ತಾನಾಗಿಯೇ ಆರುತ್ತದೆ. ತಲೆಗೂ ಮೊಬೈಲಿಗೂ ಸೇರಿ ಒಂದು ವಲ್ಲಿ ಹೊದ್ದುಕೊಂಡು ನೋಡಬೇಕಾಗುತ್ತದೆ, ಆ ಹೊತ್ತಿಗೆ ಬೆಂಡು ಮುಳುಗಿದರೂ ತಿಳಿಯದು. ಸಾಧನ ಸುಮಾರು ನೂರು ಗ್ರಾಂ ತೂಗುವುದರಿಂದ ತೆಳುವಾದ ತಂಗೂಸಿಗೆ ಕಟ್ಟಿ ಬೀಸಿದರೆ ತುಂಡಾಗಿ ನೀರುಪಾಲಾಗುತ್ತದೆ. ಅದಕ್ಕೆಂದೇ ಗಟ್ಟಿ ದಾರವಿರುವ ಎರಡನೆಯ ಕೋಲು ಬೇಕು. ಚಾರ್ಜಿಂಗ್ ಕೆಟ್ಟಾಗ ರಿಪೇರಿಗೆ ಕಳಿಸಿದ ನನ್ನ ಸಾಧನ ವಾರಗಟ್ಟಲೆ ಹಿಂದಿರುಗಲಿಲ್ಲ, ಫೋನ್ ಮಾಡಿದಾಗಲೆಲ್ಲ ‘ನಾಳೆ’ ಎಂಬ ಉತ್ತರವೇ ಸಿಕ್ಕಿತು. ಜಲಾಶಯದ ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆಗೆ ಕೊಟ್ಟಿರುವ ಕಡೆ ಜಾಗ ಬದಲಿಸುವ ಮುನ್ನ, ಆ ದಡದಲ್ಲಿ ಗಾಳ ಹಾಕಲು ಅನುಮತಿ ಇದೆಯೇ ಎಂದು ಕೇಳಿಕೊಳ್ಳುವುದೂ ಅಗತ್ಯ. ಇದನ್ನು ಯಾವ ಆ್ಯಪ್ ಕೂಡ ಹೇಳುವುದಿಲ್ಲ.

ಮೇವು ಹಾಕಿ ಗೆಂಡೆ ಜಾತಿಯ ಮೀನು ಹಿಡಿಯುವವರು, ಅದೂ ನಿಂತ ನೀರಿನಲ್ಲಿ ಹಿಡಿಯುವವರು, ಇದನ್ನು ಕೊಳ್ಳಬಹುದು. ಕೊಳ್ಳುವಾಗ ಎಷ್ಟು ಮೀಟರ್ ಆಳದವರೆಗೆ ಕಾಣುತ್ತದೆ ಎಂಬ ಜಾಹೀರಾತಿಗೆ ಮರುಳಾಗಬೇಕಿಲ್ಲ, ದಡದಿಂದ ನಾವು ಎಸೆಯುವ ಜಾಗಕ್ಕೆ ಅಷ್ಟೊಂದು ಆಳವೇ ಇರುವುದಿಲ್ಲ. ಮೀನಿನ ಗುರುತನ್ನು ಆಫ್ ಮಾಡಿ ಕಚ್ಚಾ ಚಿತ್ರ ನೋಡಲು ಬರುತ್ತದೆಯೇ, ಹಿಂದಿನ ಒಂದು ಗಂಟೆಯ ಚಿತ್ರವನ್ನು ಹಿಂದಕ್ಕೆ ಸರಿಸಿ ನೋಡಲು ಆಗುತ್ತದೆಯೇ ಎಂಬ ಎರಡನ್ನು ಅಂಗಡಿಯಲ್ಲೇ ಪರೀಕ್ಷಿಸಿ, ಎರಡರಲ್ಲಿ ಒಂದು ಇಲ್ಲದಿದ್ದರೂ ಆ ಮಾದರಿಯನ್ನು ಬಿಟ್ಟುಬಿಡಬೇಕು.