ಬೋರ್‌ವೆಲ್ ನೀರಿನ ಮೇಲೆ ನಿಗಾ: ಮೀಟರೋ, ಕಿಟ್ಟೋ, ಲ್ಯಾಬೋ?

ಖರ್ಚು ನೋಡಿದರೆ ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರ್ ಅಗ್ಗ, ವಾರವಾರವೂ ಅದ್ದಿ ನೋಡಬಹುದು. ಆದರೆ ನೀರು ಉಪ್ಪಾಗುತ್ತಿದೆಯೇ ಎಂಬುದಷ್ಟೇ ತಿಳಿಯುತ್ತದೆ; ಕೊಪ್ಪಳ, ರಾಯಚೂರಿನ ನಿಜವಾದ ಪೀಡೆಯಾದ ಫ್ಲೋರೈಡ್ ಅದಕ್ಕೆ ಕಾಣುವುದೇ ಇಲ್ಲ.

ಫ್ಲೋರೈಡ್ ನೋಡಲು ಸ್ಥಳದಲ್ಲೇ ನೀರು ಪರೀಕ್ಷಿಸುವ ಫೀಲ್ಡ್ ಕಿಟ್ ಬೇಕು. ನೀರಿಗೆ ದ್ರಾವಣ ಬೆರೆಸಿದಾಗ ಬರುವ ಬಣ್ಣವನ್ನು ಪಟ್ಟಿಗೆ ಹೋಲಿಸಿ ಓದುವುದರಿಂದ ಲೀಟರಿಗೆ 1 ಮಿ.ಗ್ರಾಂ ಮತ್ತು 1.5 ಮಿ.ಗ್ರಾಂ ನಡುವೆ ಕಣ್ಣು ಎಡವುತ್ತದೆ. ಕುಡಿಯುವ ನೀರಿನ ಮಿತಿ ಇರುವುದೂ ಅಲ್ಲೇ! ದ್ರಾವಣದ ಅವಧಿ ಮುಗಿದಿದ್ದರೆ ಬಣ್ಣವನ್ನು ನಂಬಲೇಬೇಡಿ.

ನಿಖರತೆಗೆ ಲ್ಯಾಬೇ ಸೈ. ಹಟ್ಟಿ ಚಿನ್ನದ ಗಣಿ ಸುತ್ತಿನವರು ಆರ್ಸೆನಿಕ್ ಎಂಬ ವಿಷವನ್ನೂ ನೋಡಿಸಿ. ಪಂಪು 10 ನಿಮಿಷ ಓಡಿಸಿದ ಮೇಲೆ ಪ್ಲಾಸ್ಟಿಕ್ ಬಾಟಲಿಯಲ್ಲೇ ನೀರು ಹಿಡಿಯಿರಿ. ಫ್ಲೋರೈಡ್ ಪರೀಕ್ಷೆಗೆ ಗಾಜು ಬೇಡ. ಪ್ರತಿ ವರ್ಷ ಅದೇ ಬೋರು, ಅದೇ ಮೇ ಮತ್ತು ನವೆಂಬರ್; ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ.

ಹೊಲಕ್ಕಷ್ಟೇ ಆದರೆ ಮೀಟರ್‌ನಿಂದ ಶುರು ಮಾಡಿ. ಕುಡಿಯುವುದಾದರೆ ಕಿಟ್ ಜತೆಗೆ ವರ್ಷಕ್ಕೆರಡು ಸಲ ಲ್ಯಾಬ್.