ಎಆರ್ ಫೌಂಡೇಶನ್: ಪರಿಸರ ಪಾಠದ ಆ್ಯಪ್ ಕಟ್ಟುವ ವಿದ್ಯಾರ್ಥಿಗಳಿಗೆ ಎಷ್ಟು ಒಗ್ಗುತ್ತದೆ?

ಕೆರೆಯೊಂದರ ಜೀವಜಾಲವನ್ನು ಮಕ್ಕಳಿಗೆ ತೋರಿಸುವ ಆಗ್ಮೆಂಟೆಡ್ ರಿಯಾಲಿಟಿ (ಎಆರ್, ಕ್ಯಾಮೆರಾದ ದೃಶ್ಯದ ಮೇಲೆ ಕಂಪ್ಯೂಟರ್ ಚಿತ್ರಗಳನ್ನು ಕೂರಿಸುವ ತಂತ್ರ) ಆ್ಯಪನ್ನು ನಾವು ನಾಲ್ವರು ವಿದ್ಯಾರ್ಥಿಗಳು ಪ್ರಾಜೆಕ್ಟ್ ಆಗಿ ಸಿದ್ಧಪಡಿಸಿದೆವು. ಅದಕ್ಕೆ ಆರಿಸಿಕೊಂಡದ್ದು ಆಟಗಳನ್ನು ಕಟ್ಟುವ ತಂತ್ರಾಂಶವಾದ ಯೂನಿಟಿ ಗೇಮ್ ಎಂಜಿನ್ನಿನ ಎಆರ್ ಫೌಂಡೇಶನ್ ಎಂಬ ಪ್ಯಾಕೇಜನ್ನು. ಇಂಥದ್ದೇ ಕೆಲಸಕ್ಕೆ ಕೈಹಾಕಲಿರುವವರಿಗೆ ಅದು ಎಲ್ಲಿ ನೆರವಾಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂದು ತಿಳಿದಿರಲಿ ಎಂಬ ಉದ್ದೇಶದಿಂದ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಐಫೋನ್‌ಗಳಿಗಾಗಿ ಆ್ಯಪಲ್ 2017ರಲ್ಲಿ ಎಆರ್‌ಕಿಟ್ ತಂದಿತು. ಗೂಗಲ್‌ನ ಎಆರ್‌ಕೋರ್‌ನ ಮೊದಲ ಪೂರ್ಣ ಆವೃತ್ತಿ ಆ್ಯಂಡ್ರಾಯ್ಡ್‌ಗೆ 2018ರಲ್ಲಿ ಬಂತು. ಕ್ಯಾಮೆರಾದ ದೃಶ್ಯದಲ್ಲಿರುವ ಸ್ಪಷ್ಟ ಬಿಂದುಗಳನ್ನು ಗುರುತಿಸಿ, ಫೋನಿನ ಚಲನೆಯನ್ನು ಅಳೆಯುವ ಸೆನ್ಸರ್‌ಗಳ ಲೆಕ್ಕದೊಂದಿಗೆ ಹೊಂದಿಸಿ, ಫೋನ್ ಎಲ್ಲಿದೆ, ಯಾವ ಕಡೆ ನೋಡುತ್ತಿದೆ ಎಂದು ಕಂಡುಕೊಳ್ಳುವ ನಿಜವಾದ ಕೆಲಸ ಇವೆರಡರದು. ಎಆರ್ ಫೌಂಡೇಶನ್ ಇವುಗಳ ಮೇಲೆ ಕುಳಿತು, ಸಿ ಶಾರ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಮ್ಮೆ ಬರೆದ ಕೋಡ್ ಎರಡೂ ಬಗೆಯ ಫೋನ್‌ಗಳಲ್ಲಿ ನಡೆಯುವಂತೆ ಮಾಡುತ್ತದೆ. ವೈಯಕ್ತಿಕ ಪರವಾನಗಿಯಲ್ಲಿ ಯೂನಿಟಿ ಉಚಿತ. ಆದರೆ ಐಫೋನ್ ಆವೃತ್ತಿ ಸಿದ್ಧಪಡಿಸಲು ಮ್ಯಾಕ್ ಕಂಪ್ಯೂಟರ್ ಬೇಕು, ಆ್ಯಂಡ್ರಾಯ್ಡ್ ಫೋನ್ ಎಆರ್‌ಕೋರ್‌ನ ಬೆಂಬಲಿತ ಪಟ್ಟಿಯಲ್ಲಿರಬೇಕು. ಎಲ್ಲ ಫೋನ್‌ಗಳೂ ಆ ಪಟ್ಟಿಯಲ್ಲಿ ಇರುವುದಿಲ್ಲವಾದ್ದರಿಂದ ಒಂದು ಸಾಲು ಕೋಡ್ ಬರೆಯುವ ಮುನ್ನವೇ ಗುಂಪಿನ ಎಲ್ಲರ ಫೋನ್‌ಗಳನ್ನೂ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ತರಗತಿಯ ಕೆಲಸಕ್ಕೆ ಈ ಪ್ಯಾಕೇಜಿನಲ್ಲಿರುವ ಅತ್ಯುತ್ತಮ ಸೌಲಭ್ಯ, ನನ್ನ ಮಟ್ಟಿಗೆ, ಚಿತ್ರ ಗುರುತಿಸುವಿಕೆ. ಅಚ್ಚು ಹಾಕಿದ ಹಾಳೆಗೆ ಫೋನ್ ಹಿಡಿದರೆ ಅದರ ಮೇಲೆ ಕಪ್ಪೆಯಂಥ ಜೀವಿಯ ಮೂರು ಆಯಾಮದ ಮಾದರಿ ಎದ್ದು ನಿಲ್ಲುತ್ತದೆ. ಮಕ್ಕಳು ಹಾಳೆಯನ್ನು ತಿರುಗಿಸಬಹುದು, ಹತ್ತಿರಕ್ಕೆ ಎಳೆದುಕೊಳ್ಳಬಹುದು. ಹಾಳೆಯ ಚಿತ್ರದಲ್ಲಿ ಒಂದೇ ವಿನ್ಯಾಸ ಮರುಕಳಿಸದೆ, ಗಾಢವಾದ ಅಂಚುಗಳೂ ಬಗೆಬಗೆಯ ವಿವರಗಳೂ ಇರಬೇಕು. ನಾವು ಮೊದಲು ಬಳಸಿದ ತಾವರೆಯ ಸರಳ ರೇಖಾಚಿತ್ರ ಸುಂದರವಾಗಿತ್ತು, ಆದರೆ ಆ್ಯಪಿಗೆ ಅದರ ಗುರುತೇ ಹತ್ತಲಿಲ್ಲ. ಚಿತ್ರದ ಅಳತೆಯನ್ನು ಮೀಟರಿನಲ್ಲಿ ಕೊಡಬೇಕೆಂಬುದನ್ನು ಗಮನಿಸದೆ 20 ಸೆಂಟಿಮೀಟರ್ ಅಗಲದ ಹಾಳೆಗೆ 0.2 ಎನ್ನುವ ಬದಲು 20 ಎಂದು ತುಂಬಿದ್ದು ಕೂಡ ನಮ್ಮದೇ ತಪ್ಪು. ಹಾಳೆ 20 ಮೀಟರ್ ಅಗಲವಿದೆ ಎಂದು ನಂಬಿದ ಆ್ಯಪ್ ಅದನ್ನು ಬಹುದೂರದಲ್ಲಿ ಇಟ್ಟು ಲೆಕ್ಕ ಹಾಕಿತು, ನಮ್ಮ ಕಪ್ಪೆ ಸಾಸಿವೆಗಿಂತ ಸಣ್ಣ ಚುಕ್ಕೆಯಾಯಿತು. ಕಪ್ಪೆ ಕಾಣೆಯಾದದ್ದಕ್ಕೆ ಕೋಡಿನಲ್ಲಿ ಕಾರಣ ಹುಡುಕುತ್ತ ಎರಡು ದಿನ ಕಳೆದೆವು.

ನೆಲ, ಮೇಜುಗಳಂಥ ಸಮತಲಗಳನ್ನು ಗುರುತಿಸುವ ಸೌಲಭ್ಯದ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ವಿನ್ಯಾಸವಿರುವ ನೆಲದ ಮೇಲೆ, ಒಳ್ಳೆಯ ಬೆಳಕಿನಲ್ಲಿ ಅದು ಚೆನ್ನಾಗಿಯೇ ನಡೆಯುತ್ತದೆ. ಬರಿ ಬಿಳಿಯ ಮೇಜಿನಲ್ಲಿ, ಹೊಳೆಯುವ ಕಲ್ಲಿನಲ್ಲಿ ಹಿಡಿದುಕೊಳ್ಳಲು ಬಿಂದುಗಳೇ ಸಿಗುವುದಿಲ್ಲ. ಗಾಳಿಗೆ ಅಲುಗುವ ಹುಲ್ಲಿನಲ್ಲೂ ಬಿಸಿಲು ಪ್ರತಿಫಲಿಸುವ ನೀರಿನಲ್ಲೂ ಬಿಂದುಗಳು ಒಂದೆಡೆ ನಿಲ್ಲುವುದಿಲ್ಲ. ಕೆರೆಯ ಪಾಠ ಹೇಳುವ ಆ್ಯಪ್ ಕೆರೆಯ ದಂಡೆಯಲ್ಲೇ ತತ್ತರಿಸುತ್ತದೆ ಎಂಬುದು ಈ ತಂತ್ರಜ್ಞಾನದ ವಿಪರ್ಯಾಸ. ಹೊರಾಂಗಣದಲ್ಲಿ ಬಳಸುವ ಯೋಚನೆ ಇದ್ದವರು ಅಚ್ಚು ಹಾಳೆಯನ್ನೇ ಅಲ್ಲಿಗೂ ಕೊಂಡೊಯ್ಯುವುದು ಲೇಸು. ಹೇಗೂ ಬಿಸಿಲಿನಲ್ಲಿ ಫೋನಿನ ಪರದೆ ಸರಿಯಾಗಿ ಕಾಣುವುದಿಲ್ಲ.

ಕನ್ನಡದಲ್ಲಿ ಆ್ಯಪ್ ಮಾಡುವವರು ಇನ್ನೊಂದು ಮಾತನ್ನು ತಿಳಿದಿರಬೇಕು. ಯೂನಿಟಿಯಲ್ಲಿ ಬರಹಕ್ಕೆ ಸಾಮಾನ್ಯವಾಗಿ ಬಳಸುವ ಟೆಕ್ಸ್ಟ್‌ಮೆಶ್ ಪ್ರೊ ಒತ್ತಕ್ಷರಗಳನ್ನು ಜೋಡಿಸುವ ನಿಯಮಗಳನ್ನು ಪಾಲಿಸುವುದಿಲ್ಲ. ‘ಸಸ್ಯ’ ಎಂಬ ಪದ ಒಡೆದು, ಒತ್ತಕ್ಷರದ ಬದಲು ನಡುವೆ ಹಲಂತ ಚಿಹ್ನೆಯೊಂದಿಗೆ (್) ಮೂಡಬಹುದು. ಹೆಸರು ಫಲಕಗಳನ್ನು ಚಿತ್ರಗಳನ್ನಾಗಿ ಉಳಿಸಿ ಅಂಟಿಸುವುದು, ಉದ್ದದ ವಿವರಣೆಯನ್ನು ಧ್ವನಿಯಲ್ಲಿ ಕೊಡುವುದು ಸುಲಭದ ದಾರಿ. ಇದರಿಂದ ನಮಗೆ ಲಾಭವೇ ಆಯಿತು. ಪರದೆಯ ತುಂಬ ಬರಹವಿದ್ದಿದ್ದರೆ ಮಕ್ಕಳು ಮಾದರಿಯನ್ನು ನೋಡುತ್ತಲೇ ಇರಲಿಲ್ಲ.

ಈ ಸಾಧನದಿಂದ ಪಾಠಕ್ಕೆ ಏನು ದಕ್ಕಿತು ಎಂಬುದೇ ಮುಖ್ಯ. ಬರಿಗಣ್ಣಿಗೆ ಕಾಣದ ಡಯಾಟಮ್ ಎಂಬ ಪಾಚಿಗಳನ್ನು ಅಂಗೈ ಗಾತ್ರಕ್ಕೆ ಹಿಗ್ಗಿಸಿ ಸುತ್ತಲಿಂದ ತೋರಿಸುವುದು ಪುಸ್ತಕದ ಚಿತ್ರಕ್ಕೆ ಆಗದ ಕೆಲಸ. ಅಲ್ಲಿ ಎಆರ್‌ನ ಬಳಕೆ ಸಾರ್ಥಕವೆನಿಸಿತು. ಕೊಳಚೆ ಮತ್ತು ಗೊಬ್ಬರದ ಸಾರಜನಕ, ರಂಜಕಗಳು ಸೇರಿ ಕೆರೆ ಹಾಳಾಗುವ ಬಗೆಯನ್ನು ಒಂದು ಸ್ಲೈಡರ್‌ಗೆ ಕಟ್ಟಿದ್ದೆವು. ಎಳೆದಂತೆಲ್ಲ ನೀರು ಹಸಿರಾಗುತ್ತಿತ್ತು, ಕೊನೆಗೆ ಮೀನುಗಳು ಸಾಯುತ್ತಿದ್ದವು. ಆ್ಯಪನ್ನು ಬಳಸಿ ನೋಡಲು ಕೂರಿಸಿದ ಮಕ್ಕಳನ್ನು ಕೇಳಿದರೆ ‘ಹಸಿರು ಬಂತು, ಮೀನು ಸತ್ತವು’ ಎಂದರು. ಪಾಚಿ ಸತ್ತು ಕೊಳೆಯುವಾಗ ಬ್ಯಾಕ್ಟೀರಿಯಾಗಳು ನೀರಿನ ಆಮ್ಲಜನಕವನ್ನು ಬಳಸಿಬಿಡುತ್ತವೆ ಎಂಬ ನಡುವಿನ ಕೊಂಡಿ ಯಾರ ಬಾಯಲ್ಲೂ ಬರಲಿಲ್ಲ. ಸ್ಲೈಡರ್ ತೆಗೆದು ಮೂರು ನಿಲುಗಡೆಗಳನ್ನು ಮಾಡಿ, ಪ್ರತಿಯೊಂದರಲ್ಲೂ ಮುಂದೇನಾಗುತ್ತದೆ ಎಂದು ಊಹಿಸಲು ಬಿಟ್ಟ ಮೇಲೆ ಉತ್ತರಗಳು ಬದಲಾದವು. ಎಆರ್ ಫೌಂಡೇಶನ್ ಇದನ್ನು ಕಲಿಸಿಕೊಡುವುದಿಲ್ಲ, ಕಲಿಸಬೇಕೆಂದು ನಿರೀಕ್ಷಿಸುವುದೂ ತರವಲ್ಲ.

ಗುಂಪಿನಲ್ಲಿ ಒಬ್ಬರಿಗಾದರೂ ಸಿ ಶಾರ್ಪ್ ಬರುವುದಾದರೆ, ವಿಷಯವನ್ನು ಒಂದು ಕೆರೆಯಷ್ಟಕ್ಕೇ ಇಟ್ಟುಕೊಳ್ಳುವ ಸಂಯಮವಿದ್ದರೆ, ಈ ಪ್ಯಾಕೇಜನ್ನು ಧೈರ್ಯವಾಗಿ ಆರಿಸಿಕೊಳ್ಳಬಹುದು. ಕೋಡ್ ಇಲ್ಲದೆ ಎಆರ್ ಮಾಡಿಕೊಡುವ ಜಾಲತಾಣ ಸೇವೆಗಳು ಆರಂಭದಲ್ಲಿ ಸುಲಭವೆನಿಸಿದರೂ ಅವುಗಳ ಆಯುಸ್ಸು ನಮ್ಮ ಕೈಯಲ್ಲಿಲ್ಲ: ಮೂರು ಆಯಾಮದ ಮಾದರಿಗಳ ಸಂಗ್ರಹವಾಗಿದ್ದ ಗೂಗಲ್ ಪಾಲಿ 2021ರಲ್ಲಿ ಮುಚ್ಚಿತು, ಎಆರ್ ದೃಶ್ಯಗಳನ್ನು ಕಟ್ಟಲು ಬಳಸುತ್ತಿದ್ದ ಮೆಟಾ ಸ್ಪಾರ್ಕ್ 2025ರ ಜನವರಿಯಲ್ಲಿ ನಿಂತಿತು. ಮೂರು ಆಯಾಮದ ಮಾದರಿ ರಚಿಸುವ ಬ್ಲೆಂಡರ್ ತಂತ್ರಾಂಶದಲ್ಲಿ ಮಾಡಿಕೊಂಡ ನಮ್ಮ ಮಾದರಿಗಳ ಮೂಲ ಕಡತಗಳು ನಮ್ಮ ಬಳಿಯೇ ಇವೆ. ಮುಂದಿನ ತಂಡ ಬೇರೆ ಎಂಜಿನ್ ಹಿಡಿದರೂ ಕಪ್ಪೆಯನ್ನು ಮೊದಲಿನಿಂದ ಕೆತ್ತಬೇಕಾಗಿಲ್ಲ.